ಕಾಲು ಊರಬೇಡಿ ಅಂದ್ರೆ ಕೆಲಸ ಮಾಡೋರು ಯಾರು?

ಹುಣಸೂರು, ಗುರುಪುರದ ಕಡೆ ಮಳೆಗಾಲ ಅಂದ್ರೆ ಹೊಗೆಸೊಪ್ಪಿನ ಕಾಲ. ಎಲೆ ಮುರಿಯೋದು, ಕಡ್ಡಿಗೆ ಕಟ್ಟೋದು, ಬ್ಯಾರನ್‌ಗೆ ಏರಿಸೋದು, ರಾತ್ರಿಯಿಡೀ ಬೆಂಕಿ ನೋಡ್ಕೊಳ್ಳೋದು. ಎಲ್ಲವೂ ನಿಂತು ಮಾಡೋ ಕೆಲಸ. ಇಂಥ ಹೊತ್ತಲ್ಲಿ ಶುಗರ್ ಇರೋರ ಅಂಗಾಲಲ್ಲಿ ಹುಣ್ಣಾದ್ರೆ? ಇವತ್ತಿನ ಮಾತು ಅದರ ಬಗ್ಗೆ.

ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿ ತಪ್ಪಿದ್ರೆ ಪಾದದ ನರಗಳು ಸ್ಪರ್ಶ ಕಳ್ಕೊಳ್ತವೆ. ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ. ನೋವಿಲ್ಲ ಅಂತ ಅದೇ ಕಾಲಲ್ಲಿ ನಡೀತಾರೆ. ಹೆಜ್ಜೆ ಹೆಜ್ಜೆಗೂ ಮೈಭಾರ ಗಾಯದ ಮೇಲೇ ಬೀಳುತ್ತೆ. ಬೀಡಿ ಸೇದೋರಿಗೆ ರಕ್ತನಾಳ ಕಿರಿದಾಗಿ ಇನ್ನೂ ಕಷ್ಟ.

ವೈದ್ಯರು ಸತ್ತ ಚರ್ಮ ತೆಗೀತಾರೆ, ಸೋಂಕಿಗೆ ಔಷಧಿ ಕೊಡ್ತಾರೆ, ರಕ್ತದ ಓಡಾಟ ನೋಡ್ತಾರೆ, ಶುಗರ್ ಇಳಿಸ್ತಾರೆ. ಇಷ್ಟಾದ ಮೇಲೂ ಗಾಯದ ಮೇಲಿನ ಭಾರ ಇಳಿಸದಿದ್ರೆ ಅದು ಮಾಯೋದು ಕಷ್ಟ. ಅದಕ್ಕಾಗಿ ಇರೋದು 'ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್', ಅಂದ್ರೆ ಮೊಣಕಾಲ ಕೆಳಗಿನವರೆಗೆ ಹಾಕೋ ಪ್ಲಾಸ್ಟರ್ ಕಟ್ಟು. ಮೊದಲು ಇದು ಕುಷ್ಠರೋಗಿಗಳ ಪಾದಕ್ಕೆ ಬಳಸ್ತಿದ್ದ ಚಿಕಿತ್ಸೆ. ವೆಲ್ಲೂರಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ 1960ರ ದಶಕದಲ್ಲಿ ಇದನ್ನ ಅಮೆರಿಕಕ್ಕೂ ಕೊಂಡೊಯ್ದರು. ರಕ್ತದ ಓಡಾಟ ಚೆನ್ನಾಗಿದ್ದು ಸೋಂಕಿಲ್ಲದಿದ್ರೆ ಎಷ್ಟೋ ಗಾಯಗಳು 6ರಿಂದ 8 ವಾರದಲ್ಲಿ ಮಾಯುತ್ತವೆ.

ಬಿಚ್ಚೋಕಾಗದ ಕಟ್ಟೇ ಯಾಕೆ? ನಮ್ಮ ಚಪ್ಪಲಿ ಹೊಸಿಲಾಚೆ ಉಳಿಯುತ್ತೆ, ಮನೆಯೊಳಗೆಲ್ಲ ಬರಿಗಾಲು. ಬೆಂಗಳೂರಿನ ಐಐಎಸ್‌ಸಿಯವರು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಜೊತೆಗೂಡಿ, ಒತ್ತಡ ಹೆಚ್ಚಾದ ಕಡೆ ತಾನೇ ತಗ್ಗಿ ಭಾರ ಹಂಚೋ ಪಾದರಕ್ಷೆ ರೂಪಿಸಿದ್ದಾರೆ. ಅದೂ ಕಾಲಲ್ಲಿದ್ರೆ ತಾನೇ ಉಪಯೋಗ?

ನಾನು ಬಿ.ಕಾಂ. ಓದಿದೋನು, ಖರ್ಚಿನ ಲೆಕ್ಕ ಬಿಡೋಕಾಗಲ್ಲ. ಆಸ್ಪತ್ರೆ ಬಿಲ್ಲಲ್ಲಿ ಔಷಧಿ ಬರುತ್ತೆ, ಹೋದ 6 ವಾರದ ಕೂಲಿ ಬರಲ್ಲ. 'ಹರಾಜು ಮುಗೀಲಿ, ಆಮೇಲೆ ತೋರಿಸೋಣ' ಅನ್ನೋದು ಉದಾಸೀನ ಅಲ್ಲ, ಸಾಲದ ಭಯ. ಆದ್ರೆ ಅಷ್ಟರಲ್ಲಿ ಸೋಂಕು ಮೂಳೆಗಿಳಿದ್ರೆ ಬೆರಳೋ ಕಾಲೋ ಹೋಗಬಹುದು. ಆಮೇಲೆ ಎಲ್ಲಾ ಹಂಗಾಮೂ ನಷ್ಟವೇ. ಅದಕ್ಕೇ ಕಟ್ಟು ಹಾಕಿಸೋ ದಿನವೇ ಮನೆಯವರು ಕೂತು, ಬ್ಯಾರನ್ ಯಾರು ನೋಡ್ಕೋತಾರೆ ಅಂತ ತೀರ್ಮಾನ ಮಾಡಿ. ಅದೂ ಚಿಕಿತ್ಸೆಯ ಭಾಗವೇ.

ದಿನಾ ಸಂಜೆ ಅಂಗಾಲು, ಬೆರಳ ಸಂದಿ ನೋಡ್ಕೊಳ್ಳಿ. ಕಣ್ಣು ಮಂಜಾದೋರಿಗೆ ಮಕ್ಕಳೋ ಸೊಸೆಯೋ ನೋಡಿ ಹೇಳಲಿ. ಬಾವು, ಕೀವು, ವಾಸನೆ, ಕಪ್ಪು ಬಣ್ಣ ಕಂಡ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮತ್ತೆ ಸಿಗೋಣ.