ಒಂದು ತಿಂಗಳ ಉಚಿತ ಪ್ರವೇಶ



ಮಾವಿನಹಣ್ಣಿನ ಅಂಗಡಿಯವನು ತಾನೇ ಆರಿಸಿ ಕೊಯ್ದುಕೊಟ್ಟ ಹೋಳು ಸಿಹಿಯಾಗಿಯೇ ಇರುತ್ತದೆ. ಜಾಣರು ಬುಟ್ಟಿಯ ತಳದಿಂದ ತಾವೇ ಒಂದು ಹಣ್ಣು ತೆಗೆದು ನೋಡುತ್ತಾರೆ. ಕಾಲೇಜಿನ ಗ್ರಂಥಾಲಯಗಳು ಗಣಕದಲ್ಲಿ ಓದುವ ನಿಯತಕಾಲಿಕೆ, ಪುಸ್ತಕ, ದತ್ತಸಂಚಯಗಳನ್ನು ಕೊಳ್ಳುವ ಮುನ್ನ ಹೀಗೆಯೇ ರುಚಿ ನೋಡುತ್ತವೆ. ಪ್ರಕಾಶಕರು ಸಾಮಾನ್ಯವಾಗಿ ಒಂದು ತಿಂಗಳ ಮಟ್ಟಿಗೆ ಉಚಿತ ಪ್ರವೇಶ ನೀಡುತ್ತಾರೆ. ಇದೇ ಪ್ರಾಯೋಗಿಕ ಚಂದಾ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಒಂದು ಕಾಲೇಜಿಗೆ ಹೋಗಿದ್ದೆ. ಗ್ರಂಥಾಲಯದ ಫಲಕದಲ್ಲಿ ಇಂಥ ಪ್ರಕಟಣೆ ಇತ್ತು. ಅವಧಿ ಮುಗಿಯಲು ಎರಡೇ ದಿನ. ಗ್ರಂಥಪಾಲಕರು ಬಳಕೆಯ ಲೆಕ್ಕ ತೋರಿಸಿದರು. ಒಟ್ಟು ಹನ್ನೊಂದು ಬಾರಿ. ಅದರಲ್ಲಿ ಒಂಬತ್ತು ಅವರದೇ! ಪಕ್ಕದಲ್ಲಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿ, "ಅಯ್ಯೋ, ಇದು ನನಗೆ ಬೇಕಿತ್ತು ಸಾರ್" ಎಂದಳು. ಬಳಸುವವರಿಲ್ಲವೆಂದು ಆ ವರ್ಷ ಕಾಲೇಜು ಅದನ್ನು ಕೊಳ್ಳಲಿಲ್ಲ.

ನಾನು ವಿಜ್ಞಾನ ಓದಿದವನು. ಬೇರೆಯವರು ಮಾಡಿ ತೋರಿಸಿದ್ದು ಪ್ರದರ್ಶನ, ನಾವೇ ಮಾಡಿ ನೋಡಿದ್ದು ಪ್ರಯೋಗ ಎಂದು ಕಲಿತವನು. ಆದ್ದರಿಂದ ಮಾರಾಟಗಾರರ ಪ್ರದರ್ಶನ ನೋಡಿ ತಲೆದೂಗಬೇಡಿ. ನಿಮ್ಮ ಪಾಠದ್ದೋ ಪ್ರಬಂಧದ್ದೋ ಒಂದು ಪ್ರಶ್ನೆಯನ್ನು ಹಿಡಿದುಕೊಂಡೇ ಕುಳಿತುಕೊಳ್ಳಿ.

ಪೂರ್ಣ ಲೇಖನ ತೆರೆಯುತ್ತದೆಯೇ, ಬರೀ ಸಾರಾಂಶವೇ? ಹೊಸ ಸಂಚಿಕೆಗಳು ಇವೆಯೇ? ಉದಾಹರಣೆಗೆ, ಜೆಸ್ಟೋರ್ ಸಂಗ್ರಹದ ಅನೇಕ ಪತ್ರಿಕೆಗಳಲ್ಲಿ ಇತ್ತೀಚಿನ ಮೂರರಿಂದ ಐದು ವರ್ಷಗಳ ಸಂಚಿಕೆಗಳು ಸಿಗುವುದಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಅಡ್ಡಿಯಿಲ್ಲ. ಹೊಸ ಸಂಶೋಧನೆ ಹುಡುಕುವವರಿಗೆ ಅದು ದೊಡ್ಡ ಕೊರತೆ. ಹಳೆಯ ಕನ್ನಡ ಪುಸ್ತಕವಾದರೆ ಒಳಗಿನ ಒಂದು ಪದವನ್ನು ಹುಡುಕಿ ನೋಡಿ. ಪುಟಗಳು ಬರೀ ಚಿತ್ರಗಳಾಗಿದ್ದರೆ ಪದ ಸಿಗದು. ರಾತ್ರಿ ಊರಿನ ಮನೆಯಿಂದ, ನಿಮ್ಮ ಮೊಬೈಲಿನಲ್ಲಿ ತೆರೆಯುತ್ತದೆಯೇ? ಚಂದಾ ನಿಂತ ಮೇಲೆ ಹಳೆಯ ಸಂಚಿಕೆಗಳಾದರೂ ಉಳಿಯುತ್ತವೆಯೇ? ಈ ಕೊನೆಯದನ್ನು ಗ್ರಂಥಪಾಲಕರ ಮೂಲಕ ಕೇಳಿಸಿ.

ಕೊನೆಗೆ ಒಂದು ಸಣ್ಣ ಲೆಕ್ಕ. ಚಂದಾ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 200 ಲೇಖನ ಓದಿದರೆ ಒಂದಕ್ಕೆ 500 ರೂಪಾಯಿ ಬಿತ್ತು. 5,000 ಓದಿದರೆ 20 ರೂಪಾಯಿ. ಈ ಹಣದಲ್ಲಿ ನಿಮ್ಮ ಶುಲ್ಕವೂ ಸೇರಿದೆ.

'ಒಂದು ರಾಷ್ಟ್ರ ಒಂದು ಚಂದಾ ಬಂದಿದೆಯಲ್ಲ' ಎನ್ನಬಹುದು. ನಿಜ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಗೊತ್ತುಮಾಡಲಾಯಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಅದರಲ್ಲಿ ಸೇರಿದವು. ಆದರೆ ಅನುಮೋದನೆ ದೊರೆತದ್ದು ಸರ್ಕಾರಿ ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳಿಗೆ, ಅದೂ ನಿಯತಕಾಲಿಕೆಗಳಿಗೆ. ಅದರಾಚೆಗಿನದನ್ನು ಆರಿಸುವ ಹೊಣೆ ಆಯಾ ಕಾಲೇಜಿನದೇ.

ನಾಳೆ ಗ್ರಂಥಾಲಯಕ್ಕೆ ಹೋದಾಗ ಸೂಚನಾ ಫಲಕದ ಮುಂದೆ ಒಂದು ನಿಮಿಷ ನಿಲ್ಲಿ. ಪ್ರಯೋಗ ನಡೆಯುತ್ತಿದ್ದರೆ ಬಳಸಿ ನೋಡಿ, ಕಂಡದ್ದನ್ನು ನಾಲ್ಕು ಸಾಲು ಬರೆದು ಗ್ರಂಥಪಾಲಕರಿಗೆ ಕೊಡಿ. ಬೇಡವೆನಿಸಿದರೆ ಅದನ್ನೂ ಬರೆಯಿರಿ. ನೀವು ಸುಮ್ಮನಿದ್ದರೆ, ಅದೂ ಒಂದು ಉತ್ತರವೆಂದೇ ಲೆಕ್ಕಕ್ಕೆ ಸೇರುತ್ತದೆ.