ಬೆನ್ನುನೋವೂ ಸೂಜಿಮದ್ದೂ

ಕನ್ನಡದಲ್ಲಿ ಬೆನ್ನಿಗೆ ದೊಡ್ಡ ಮರ್ಯಾದೆಯುಂಟು. ಆಪತ್ತಿನಲ್ಲಿ ಒದಗುವ ನೆರವನ್ನು ಬೆಂಬಲವೆನ್ನುತ್ತೇವೆ. ಬೆನ್ನಿನ ಬಲವೇ ಬೆಂಬಲ. ಹಿಂದೆ ನಿಂತು ಕಾಯುವುದು ಬೆಂಗಾವಲು. ತರಗತಿಯಲ್ಲಿ ಇಪ್ಪತ್ತೆಂಟು ವರ್ಷ ಈ ಪದಗಳನ್ನು ಬಿಡಿಸಿ ಹೇಳಿದ ನನಗೆ ಬೆನ್ನೆಂದರೇನೆಂದು ನಿಜವಾಗಿ ತಿಳಿದದ್ದು, ಮಕ್ಕಳನ್ನು ಬಾದಾಮಿಯ ಮೇಣಬಸದಿಗೆ ಕರೆದೊಯ್ದ ದಿನ. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟದಿಂದ ಕಾಲಿಗೆ ಸೆಳೆತ ಹರಿದು ಅಲ್ಲಿಯೇ ಕುಳಿತುಬಿಟ್ಟೆ.

ನಮ್ಮ ಸೀಮೆಯಲ್ಲಿ ಈ ನೋವಿಗೆ ಬರವಿಲ್ಲ. ಇಳಕಲ್ಲಿನ ನೇಕಾರ ಕುಣಿಮಗ್ಗದಲ್ಲಿ ಕಾಲಿಳಿಸಿ ಬಾಗಿ ಕುಳಿತರೆ ಏಳುವುದು ಊಟಕ್ಕೆ. ಹುನಗುಂದದ ಎರೆಹೊಲದಲ್ಲಿ ಕಳೆ ತೆಗೆಯುವ ತಾಯಂದಿರು, ಗ್ರಾನೈಟು ಕಲ್ಲಿನ ಕೆಲಸದವರು, ಬಾಗಲಕೋಟೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನೌಕರರು, ಇವರೆಲ್ಲರ ನಡುವೆ ಒಂದು ಮಾತು ಹರಡಿದೆ: ‘ಬೆನ್ನಿಗೊಂದು ಸೂಜಿ ಹಾಕಿಸಿದ್ರ ನೋವು ಹೋಗ್ತೈತಂತ.’

ಮಾತು ಪೂರ್ತಿ ಸುಳ್ಳಲ್ಲ. ಬೆನ್ನುಹುರಿಗೆ ಒಂದು ಗಟ್ಟಿ ಹೊದಿಕೆಯಿದೆ. ಆ ಹೊದಿಕೆಯ ಹೊರಗಿನ ಕಿರಿದಾದ ಜಾಗಕ್ಕೆ ಮದ್ದು ಬಿಡುವ ವಿಧಾನ 1901ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲಾಯಿತು. 1950ರ ದಶಕದಲ್ಲಿ ಸ್ಟಿರಾಯ್ಡ್ ಮದ್ದು ಅದಕ್ಕೆ ಸೇರಿತು. ನರದ ಸುತ್ತಣ ಬಾವು ಇಳಿದು ನೋವು ಕೆಲವು ವಾರ ತಗ್ಗಬಹುದು. ಆದರೆ ಸವೆದ ಮಣಿಯನ್ನಾಗಲಿ, ಜರುಗಿದ ಮೆತ್ತೆಯನ್ನಾಗಲಿ ಮದ್ದು ಸರಿಪಡಿಸುವುದಿಲ್ಲ. ಆದ್ದರಿಂದಲೇ ನೋವು ಮರಳುತ್ತದೆ, ಮನುಷ್ಯನೂ ಸೂಜಿಗೆ ಮರಳುತ್ತಾನೆ.

ನನಗೆ ಪರಿಚಿತರಾದ ಇಳಕಲ್ಲಿನ ಹಿರಿಯ ನೇಕಾರರೊಬ್ಬರು ಹೀಗೆಯೇ ಮರಳಿದರು. ಅವರನ್ನು ನಾನು ಕಾಕಾ ಎನ್ನುತ್ತೇನೆ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿಯಿಂದ ಎಳೆಎಳೆಯಾಗಿ ಕೂಡಿಸುವ ಕೈ ಅವರದು. ಸಕ್ಕರೆ ಕಾಯಿಲೆಯೂ ಇತ್ತು. ಒಂದೇ ವರ್ಷದಲ್ಲಿ ಐದು ಸೂಜಿ, ಅದೂ ಮೂರು ಊರುಗಳಲ್ಲಿ. ಒಬ್ಬ ವೈದ್ಯರು ಹಾಕಿದ್ದು ಮತ್ತೊಬ್ಬರಿಗೆ ತಿಳಿಯದು, ಕಾಕಾನೂ ಹೇಳಲಿಲ್ಲ. ‘ಯಾಕ ಕಾಕಾ, ಇಷ್ಟು ಸೂಜಿ?’ ಎಂದು ಕೇಳಿದ್ದೆ. ‘ಮಾಸ್ತರ, ಸೂಜಿ ಹಾಕಿಸ್ಕೊಂಡ್ರ ಎರಡು ತಿಂಗಳು ಮಗ್ಗದಾಗ ಕೂಡ್ತೀನ್ರಿ. ಇಲ್ಲಂದ್ರ ಹೊಟ್ಟಿಗೇನು ಮಾಡ್ಲಿ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಐದನೆಯ ಸೂಜಿಯಾಗಿ ಎಂಟು ದಿನಕ್ಕೆ ಜ್ವರ ಬಂತು. ಮಗ್ಗದ ಆಯಾಸವೆಂದು ಸುಮ್ಮನಿದ್ದರು. ಆಮೇಲೆ ಕಾಲು ಸೋತವು, ಮೂತ್ರ ಕಟ್ಟಿತು. ಒಳಗೆ ಕೀವು ಕಟ್ಟಿ ಬೆನ್ನುಹುರಿಯನ್ನು ಒತ್ತುತ್ತಿತ್ತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು. ಈಗ ಕೋಲೂರಿ ನಡೆಯುತ್ತಾರೆ. ಮಗ್ಗದಲ್ಲಿ ಮಗ ಕೂಡುತ್ತಾನೆ, ಕಾಕಾ ಕಂಡಿಕೆ ಸುತ್ತುತ್ತಾರೆ.

ಇಂಥ ಕೇಡು ಅಪರೂಪವೆಂಬುದು ನಿಜ. ಆದರೆ ಪ್ರತಿ ಚುಚ್ಚುವಿಕೆಗೂ ಅದರ ಅಪಾಯವುಂಟು. ಹೊದಿಕೆ ತೂತಾದರೆ ಎದ್ದು ಕುಳಿತೊಡನೆ ತಲೆ ಸಿಡಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಸ್ಟಿರಾಯ್ಡ್ ಸಕ್ಕರೆಯನ್ನು ಕೆಲವು ದಿನ ಏರಿಸುತ್ತದೆ. ಮೇಲಿಂದ ಮೇಲೆ ಬಿದ್ದರೆ ಮೂಳೆಯನ್ನು ತೆಳುವಾಗಿಸುತ್ತದೆ, ದೇಹ ತಾನೇ ತಯಾರಿಸುವ ಸ್ಟಿರಾಯ್ಡನ್ನು ತಗ್ಗಿಸುತ್ತದೆ. 2012ರಲ್ಲಿ ಅಮೆರಿಕದಲ್ಲಿ ಬೂಷ್ಟು ಸೇರಿದ ಸ್ಟಿರಾಯ್ಡ್ ಸೀಸೆಗಳಿಂದ 750ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ, 60ಕ್ಕೂ ಹೆಚ್ಚು ಜನ ತೀರಿಕೊಂಡರು. 2014ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಈ ಸೂಜಿಯಿಂದ ವಿರಳವಾಗಿ ದೃಷ್ಟಿನಾಶ, ಲಕ್ವ, ಮರಣವೂ ಸಂಭವಿಸಬಹುದೆಂದು ಎಚ್ಚರಿಸಿತು. ಹೊಸದಾಗಿ ಬಂದ ಉಗ್ರವಾದ ಕಾಲುಸೆಳೆತಕ್ಕೆ ಇದನ್ನು ಯೋಚಿಸಬಹುದೆಂದು 2016ರ ಬ್ರಿಟಿಷ್ ಮಾರ್ಗದರ್ಶಿ ಹೇಳುತ್ತದೆ. ಆದರೆ ಮೂರು ತಿಂಗಳು ಮೀರಿದ ಹಳೆಯ ಬೆನ್ನುನೋವಿಗೆ ಬೇಡವೆಂದು 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ತಜ್ಞರ ಸಲಹೆ ಖಂಡಿತವಾಗಿ ನುಡಿದಿದೆ.

ಹಾಗಾದರೆ ಮಾಡತಕ್ಕದ್ದೇನು? ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ಈ ಸೂಜಿ ಯಾತಕ್ಕೆ, ಮದ್ದು ಯಾವುದು, ಫಲ ಎಷ್ಟು ದಿನ? ನಿಮ್ಮ ಸಕ್ಕರೆ ಕಾಯಿಲೆ, ನುಂಗುವ ಮಾತ್ರೆ, ಹಿಂದೆ ಹಾಕಿಸಿಕೊಂಡ ಸೂಜಿಗಳನ್ನು ನೀವಾಗಿಯೇ ಹೇಳಿರಿ. ಇದಕ್ಕೆಂದೇ ಒಂದು ನೋಟುಬುಕ್ಕು ಇಟ್ಟು ತಾರೀಖು, ಮದ್ದಿನ ಹೆಸರು, ಪ್ರಮಾಣ ಬರೆಯಿಸಿರಿ. ಸೂಜಿಯಾದ ಮೇಲೆ ಜ್ವರ, ಹೆಚ್ಚುವ ನೋವು, ಕಾಲು ಸೋಲುವುದು, ತೊಡೆಸಂದು ಜೋಮು ಹಿಡಿಯುವುದು, ಮಲಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿರಿ.

ನನ್ನ ಮಾತನ್ನೂ ಹೇಳಿಬಿಡುತ್ತೇನೆ. ಎರಡು ಸೂಜಿ ನಾನೂ ಹಾಕಿಸಿಕೊಂಡೆ. ಮೂರನೆಯದಕ್ಕೆ ದಿನ ಗೊತ್ತಾಗಿತ್ತು. ಕಾಕಾನನ್ನು ಆಸ್ಪತ್ರೆಯಲ್ಲಿ ನೋಡಿ ಬಂದು ವೈದ್ಯರಲ್ಲಿ ಬೇರೆ ದಾರಿ ಕೇಳಿದೆ. ಅವರು ಕಲಿಸಿದ ವ್ಯಾಯಾಮವನ್ನು ಬೆಳಿಗ್ಗೆ ಮಾಡುತ್ತೇನೆ, ಸಂಜೆ ನಡೆಯುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಆದರೆ ಪಾಠ ನಿಂತಿಲ್ಲ. ಕಾಕಾನ ಮಗನೂ ಅಪ್ಪನ ಒತ್ತಾಯಕ್ಕೆ ಗಂಟೆಗೊಮ್ಮೆ ಕುಣಿಯಿಂದೆದ್ದು ಅಂಗಳ ಸುತ್ತಿ ಬರುತ್ತಾನೆ. ನೇಯ್ಗೆ ತುಸು ನಿಧಾನವಾಯಿತೆಂದು ಅವನ ದೂರು. ‘ಆಗಲಿ ಬಿಡೋ’ ಎನ್ನುತ್ತಾರೆ ಕಾಕಾ, ಕಂಡಿಕೆ ಸುತ್ತುತ್ತಲೇ.