ದೋಣಿಯ ಇಂಧನ ಟ್ಯಾಂಕು: ಗಾಳಿಗೂ ದಾರಿ ಇರಲಿ



ಪನವೇಲ ಖಾಡಿಯ ದಡದಲ್ಲಿರುವ ಬೇಲಾಪುರಕ್ಕೆ ದೋಣಿ ಹೊಸದಲ್ಲ. ದಿವಾಳೆ ಗ್ರಾಮದ ಕೋಲಿ ಮೀನುಗಾರರು ತಲೆಮಾರುಗಳಿಂದ ಈ ನೀರನ್ನು ನಂಬಿ ಬಾಳಿದವರು. 2022ರ ಫೆಬ್ರವರಿ 17ರಂದು ಇಲ್ಲಿನ ಜೆಟ್ಟಿಯಿಂದ ಜಲಟ್ಯಾಕ್ಸಿ ಸೇವೆಯೂ ಉದ್ಘಾಟನೆಗೊಂಡಿತು. ದುಡಿಮೆಯ ದೋಣಿಯಾಗಲಿ, ವಿಹಾರದ ದೋಣಿಯಾಗಲಿ, ಯಂತ್ರವುಳ್ಳ ಎಲ್ಲಕ್ಕೂ ಸಮಾನವಾದ ಒಂದು ತೊಂದರೆಯುಂಟು. ಇಂಧನ ತುಂಬುವಾಗ ನಾಜಲ್ ಪದೇ ಪದೇ ನಿಂತುಹೋಗುವುದು, ಇಲ್ಲವೇ ಇಂಧನ ಹಿಂದಕ್ಕೆ ಉಕ್ಕಿ ಮೈಮೇಲೆ ಚೆಲ್ಲುವುದು. ಇದನ್ನು ಸಣ್ಣ ಕಿರಿಕಿರಿಯೆಂದು ಕಡೆಗಣಿಸುವುದು ಅಪಾಯಕರ.

ಕಾರಣ ಸರಳವಾದುದು. ಕಿರಿದಾದ ಬಾಯಿಯ ಸೀಸೆಗೆ ಆಲಿಕೆಯನ್ನು ಬಿಗಿಯಾಗಿ ಕೂರಿಸಿ ಎಣ್ಣೆ ಹೊಯ್ದರೆ ಅದು ಇಳಿಯದು. ಗೃಹಿಣಿಯರು ಆಲಿಕೆಯನ್ನು ತುಸು ಎತ್ತಿ ಹಿಡಿಯುತ್ತಾರೆ. ಒಳಗಿನ ಗಾಳಿ ಹೊರಬಂದಲ್ಲದೆ ಎಣ್ಣೆಗೆ ಸ್ಥಳವಿಲ್ಲ. ದೋಣಿಯ ಟ್ಯಾಂಕಿನಲ್ಲಿ ಈ ಕೆಲಸವನ್ನು ಮಾಡುವುದು ವಾಯುನಳಿಕೆ. ಅದು ಕಟ್ಟಿಕೊಂಡರೆ ತುಂಬುವುದೂ ಕಷ್ಟ, ಓಡಿಸುವುದೂ ಕಷ್ಟ. ಇಂಧನ ಖರ್ಚಾದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಕುಗ್ಗಿ, ನಡುನೀರಿನಲ್ಲಿ ಯಂತ್ರ ನಿಂತುಹೋಗಬಹುದು.

ಪರೀಕ್ಷೆಯನ್ನು ಹೊರಗಿನಿಂದ ಆರಂಭಿಸತಕ್ಕದ್ದು. ಮಳೆಗಾಲದಲ್ಲಿ ದಡಕ್ಕೆಳೆದಿಟ್ಟ ದೋಣಿಯ ನಳಿಕೆಯ ಬಾಯಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದುಂಟು; ಅಲ್ಲಿನ ಜಾಲರಿಗೆ ಉಪ್ಪು ಹಿಡಿಯುವುದುಂಟು. ಆಮೇಲೆ ನಳಿಕೆಯ ಉದ್ದಕ್ಕೂ ನೋಡಬೇಕು. ಅದು ಟ್ಯಾಂಕಿನಿಂದ ಹೊರಬಾಯಿಯವರೆಗೆ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ಇಂಧನ ನಿಂತು ಗಾಳಿಯನ್ನು ತಡೆಯುತ್ತದೆ. ಮಡಿಕೆ ಬಿದ್ದ ಅಥವಾ ಬಿರುಕು ಬಿಟ್ಟ ನಳಿಕೆಯನ್ನು ಬದಲಾಯಿಸಬೇಕು. ಹೊಸದು ಇಂಧನಕ್ಕೆಂದೇ ತಯಾರಾದುದಾಗಿರಲಿ, ತೋಟದ ನೀರಿನ ಪೈಪು ಸಲ್ಲದು. ಗಾಳಿ ಊದಿ ಸ್ವಚ್ಛಗೊಳಿಸುವುದಾದರೆ ನಳಿಕೆಯನ್ನು ಮೊದಲು ಟ್ಯಾಂಕಿನಿಂದ ಬಿಡಿಸಿಕೊಳ್ಳಬೇಕು. ಟ್ಯಾಂಕಿನೊಳಕ್ಕೆ ಒತ್ತಡದ ಗಾಳಿ ಹೋದರೆ ಅದು ಬಿರಿಯಬಹುದು.

ಕೆಲವೊಮ್ಮೆ ನಳಿಕೆ ನಿರ್ದೋಷಿ, ದೋಣಿಯ ವಾಲುವಿಕೆಯೇ ಕಾರಣ. ಗಾಡಿಯ ಮೇಲೆ ಓರೆಯಾಗಿ ನಿಂತ ದೋಣಿಯಲ್ಲಿ ವಾಯುನಳಿಕೆಯ ಒಳಬಾಯಿ ಇಂಧನದಲ್ಲಿ ಮುಳುಗುತ್ತದೆ. ದೋಣಿಯನ್ನು ಸಮತಲವಾಗಿ ನಿಲ್ಲಿಸಿ, ನಿಧಾನವಾಗಿ ತುಂಬಿದರೆ ಸಾಕು. ಹೊರಯಂತ್ರದ ಚಿಕ್ಕ ಟ್ಯಾಂಕಾದರೆ ಮುಚ್ಚಳದ ಮೇಲಿನ ಗಾಳಿತಿರುಪನ್ನು ಓಡಿಸುವಾಗ ತೆರೆದಿಡಬೇಕು, ಸಾಗಿಸುವಾಗ ಮುಚ್ಚಬೇಕು.

ಟ್ಯಾಂಕನ್ನು ಕಂಠಮಟ್ಟ ತುಂಬಲಾಗದು. 100 ಲೀಟರ್ ಪೆಟ್ರೋಲು 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 1 ಲೀಟರಿನಷ್ಟು ಹಿಗ್ಗುತ್ತದೆ. ಸ್ಥಳವಿಲ್ಲದಿದ್ದರೆ ಅದು ವಾಯುನಳಿಕೆಯಿಂದ ಖಾಡಿಗೆ ಸುರಿಯುತ್ತದೆ. ಅದರಿಂದ ಮೀನಿಗೂ ಕೇಡು, ಮೀನುಗಾರನಿಗೂ ಕೇಡು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಣರಕ್ಷಣೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ರಸ್ತೆಯ ವಾಹನದಲ್ಲಿ ಅದು ನೆಲದ ಮೇಲೆ ಹರಡಿ ಹೋಗುತ್ತದೆ. ದೋಣಿಯಲ್ಲಾದರೋ ತಳದಲ್ಲಿಯೇ ಶೇಖರವಾಗುತ್ತದೆ. ಒಂದು ಕಿಡಿ ಸಾಕು. ಆದ್ದರಿಂದ ಇಂಧನ ತುಂಬುವಾಗಲೂ ದುರಸ್ತಿಯ ವೇಳೆಯಲ್ಲೂ ಪ್ರಯಾಣಿಕರನ್ನು ಕೆಳಗಿಳಿಸಿ. ಯಂತ್ರ, ಒಲೆ, ಬೀಡಿ, ವಿದ್ಯುತ್ ಸ್ವಿಚ್ಚು ಎಲ್ಲವನ್ನೂ ನಿಲ್ಲಿಸಿ. ಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿಡಿ. ಕೈಡಬ್ಬಗಳನ್ನು ದಡದ ಮೇಲಿಟ್ಟೇ ತುಂಬಿಸಿ. ತುಂಬಿದ ನಂತರ ಬಾಗಿಲುಗಳನ್ನು ತೆರೆದು, ಆವಿ ಹೊರಹಾಕುವ ಫ್ಯಾನು ಇದ್ದರೆ ಕನಿಷ್ಠ 4 ನಿಮಿಷ ನಡೆಸಿ, ತಳವನ್ನು ಮೂಸಿ ನೋಡಿ. ವಾಸನೆ ಇದ್ದಲ್ಲಿ ಯಂತ್ರವನ್ನು ಚಾಲೂ ಮಾಡಲೇಬೇಡಿ.

ನಾರಳಿ ಪೌರ್ಣಿಮೆಯಂದು ಕೋಲಿ ಬಾಂಧವರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ಅದಕ್ಕೆ ಮುನ್ನ ದೋಣಿಯ ವಾಯುನಳಿಕೆಯನ್ನು ಪರೀಕ್ಷಿಸುವ ರೂಢಿಯನ್ನು ದೋಣಿಯುಳ್ಳವರೆಲ್ಲರೂ ಬೆಳೆಸಿಕೊಳ್ಳಲಿ. ಅರ್ಧ ಗಂಟೆಯ ಈ ಶ್ರಮ ಒಂದು ಕುಟುಂಬವನ್ನು ಕಾಯಬಲ್ಲುದು.